ನಿಮಗಿದು ಗೊತ್ತೆ? ಕಿವಿಸೋಂಕು ಹೋದರೂ ದ್ರವ ಉಳಿಯಬಹುದು

ಜ್ವರ ಇಳಿದಿದೆ, ಕಿವಿನೋವೂ ಇಲ್ಲ. ಆದರೂ ಮಗು ಟಿ.ವಿ. ಸದ್ದು ಏರಿಸುತ್ತದೆ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ದಯವಿಟ್ಟು ಗದರಬೇಡಿ. ಕಿವಿತಮಟೆಯ ಹಿಂದೆ, ನಡುಗಿವಿಯಲ್ಲಿ ದ್ರವ ನಿಂತಿರಬಹುದು. ಕೆಲವರಲ್ಲಿ ಅದು ಅಂಟಿನಷ್ಟು ಮಂದವಾಗಿರುತ್ತದೆ.

ಅದು ಹರಿದುಹೋಗುವ ದಾರಿ ಮೂಗಿನ ಹಿಂಬದಿಗೆ ತೆರೆಯುವ ಯೂಸ್ಟೇಶಿಯನ್ ನಾಳ. ನುಂಗಿದಾಗ, ಆಕಳಿಸಿದಾಗ ಅದು ಬಾಯಿ ತೆರೆಯುತ್ತದೆ. ಮಕ್ಕಳಲ್ಲಿ ಈ ನಾಳ ಗಿಡ್ಡ, ಹೆಚ್ಚು ಅಡ್ಡಡ್ಡ. ಹಾಗಾಗಿ ಬೇಗ ಕಟ್ಟಿಕೊಳ್ಳುತ್ತದೆ. ಬಹುಪಾಲು ಮಕ್ಕಳಲ್ಲಿ 3 ತಿಂಗಳೊಳಗೆ ದ್ರವ ತಾನಾಗಿಯೇ ಇಳಿಯುತ್ತದೆ. ಇದಕ್ಕೆ ಆ್ಯಂಟಿಬಯೋಟಿಕ್ ಆಗಲಿ, ನೆಗಡಿ ಔಷಧಿಯಾಗಲಿ ವಾಡಿಕೆಯಾಗಿ ಬೇಕಿಲ್ಲ.

ಕಾಯುವ ಅವಧಿಯಲ್ಲಿ ಒಂದು ಸರಳ ಉಪಾಯವಿದೆ: ಮೂಗಿನಿಂದ ಬಲೂನು ಊದುವುದು! ಒಂದು ಹೊಳ್ಳೆಯನ್ನು ಬೆರಳಿನಿಂದ ಒತ್ತಿ, ಬಾಯಿ ಮುಚ್ಚಿ, ಇನ್ನೊಂದು ಹೊಳ್ಳೆಗಿಟ್ಟ ಪುಟ್ಟ ನಳಿಕೆಯ ಮೂಲಕ ಇದಕ್ಕೆಂದೇ ಮಾಡಿದ ಬಲೂನನ್ನು ಉಬ್ಬಿಸಬೇಕು. ಆ ಒತ್ತಡಕ್ಕೆ ನಾಳ ತೆರೆದುಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 4ರಿಂದ 11 ವರ್ಷದ 320 ಮಕ್ಕಳ ಮೇಲೆ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಲೂನು ಊದಿದವರಲ್ಲಿ 3 ತಿಂಗಳಿಗೆ ಸುಮಾರು ಅರ್ಧದಷ್ಟು ಮಕ್ಕಳ ನಡುಗಿವಿ ಸರಿಹೋಗಿತ್ತು. ಊದದವರಲ್ಲಿ ಈ ಪ್ರಮಾಣ ನೂರಕ್ಕೆ 38. ದೊಡ್ಡ ಪವಾಡವಲ್ಲ, ಆದರೆ ಪ್ರಯತ್ನಕ್ಕೆ ಯೋಗ್ಯ. ವೈದ್ಯರನ್ನು ಕೇಳಿಯೇ ಶುರುಮಾಡಿ. ಕಿವಿ ನೋಯುತ್ತಿರುವಾಗ ಬೇಡ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಮಾತ್ರ ಕಿವಿಗೆ ಬಿಡಬೇಡಿ. ತಮಟೆ ಅಡ್ಡವಿರುವುದರಿಂದ ಅದು ದ್ರವವನ್ನು ಮುಟ್ಟುವುದೇ ಇಲ್ಲ. ತಮಟೆ ತೂತಾಗಿದ್ದರೆ ಅಪಾಯ ಬೇರೆ. 3 ತಿಂಗಳಾದರೂ ಕೇಳುವಿಕೆ ಮಂದವಾಗಿದ್ದರೆ, ಮಾತು ಕಲಿಯುವುದು ಹಿಂದೆ ಬೀಳುವ ಮುನ್ನ, ಕಿವಿ-ಮೂಗು-ಗಂಟಲು ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸಿ.