ತಮಟೆಗೆ ಬಂದ ಮರ್ಯಾದೆ

ಜಾತ್ರೆಯ ದಿನ ದೂರದಿಂದ ಮೊದಲು ಕೇಳಿಸುವುದು ಯಾವುದು? ತಮಟೆ. ಮಾರಮ್ಮನ ಹಬ್ಬದಲ್ಲಿ ನಾವು ಆರತಿ ಹೊತ್ತು ಹೊರಟರೆ ಮುಂದೆ ನಡೆಯುವವರು ಯಾರು? ತಮಟೆಯವರು. ಸತ್ತವರನ್ನು ಮಣ್ಣಿಗೆ ಒಯ್ಯುವಾಗಲೂ ತಮಟೆ ಇರುತ್ತದೆ. ಉತ್ತರ ಕರ್ನಾಟಕದ ಕಡೆ ಇಂಥ ವಾದ್ಯವನ್ನೇ ಹಲಗೆ ಅಂತಾರೆ. ತಮಿಳಿನವರು ಪರೈ ಅಂತಾರೆ. ತೆಲುಗಿನವರು ಡಪ್ಪು ಅಂತಾರೆ.

ತಮಟೆ ಸದ್ದು ನಮಗೆಲ್ಲ ಗೊತ್ತು. ಅದರ ಹಿಂದಿರುವ ಕೆಲಸ ಎಷ್ಟು ಜನಕ್ಕೆ ಗೊತ್ತು?

ತಮಟೆ ಹೇಗಿರುತ್ತದೆ?

ಜರಡಿ ನೋಡಿದ್ದೀರಲ್ಲ? ತಮಟೆಗೂ ಹಾಗೇ ಒಂದು ದುಂಡನೆಯ ಬಳೆ ಇರುತ್ತದೆ. ಅದು ಮರದ್ದು ಇಲ್ಲವೇ ಕಬ್ಬಿಣದ್ದು. ಚರ್ಮವನ್ನು ನೆನೆಸಿ, ಕೂದಲು ತೆಗೆದು, ಹಸಿಯಾಗಿರುವಾಗಲೇ ಬಳೆಗೆ ಎಳೆದು ಕಟ್ಟುತ್ತಾರೆ. ಒಣಗುತ್ತಾ ಹೋದಂತೆ ಅದು ಬಿಗಿಯಾಗುತ್ತದೆ. ಈಗ ಚರ್ಮದ ಬದಲು ಫೈಬರ್ ಹಾಕಿದ ತಮಟೆಗಳೂ ಬಂದಿವೆ.

ತಮಟೆಯನ್ನು ಹೆಗಲಿಗೆ ನೇತು ಹಾಕಿಕೊಳ್ಳುತ್ತಾರೆ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದು ಕೈಯಲ್ಲಿ ತೆಳ್ಳನೆಯ ಕಡ್ಡಿ. ದಪ್ಪ ಕೋಲಿನ ಪೆಟ್ಟು ಗಟ್ಟಿ. ತೆಳು ಕಡ್ಡಿಯ ಪೆಟ್ಟು ಚುರುಕು. ಎರಡೂ ಸೇರಿದರೆ ತಾಳ.

ಬೆಂಕಿಗೆ ಯಾಕೆ ಹಿಡಿಯುತ್ತಾರೆ?

ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುತ್ತದೆ. ಗಾಳಿಯಲ್ಲಿರುವ ತೇವ ಕುಡಿದು ಹಾಗಾಗುವುದು. ಚರ್ಮವೂ ಹಾಗೇ ತೇವ ಕುಡಿದು ಸಡಿಲವಾಗುತ್ತದೆ. ಆಗ ಬಾರಿಸಿದರೆ ಸದ್ದು ಮಂಕು. ಅದಕ್ಕೇ ಹುಲ್ಲೋ ಕಾಗದವೋ ಉರಿಸಿ ಕಾಯಿಸುತ್ತಾರೆ. ತೇವ ಆರಿ ಚರ್ಮ ಬಿಗಿಯುತ್ತದೆ. ಸದ್ದು ಖಣಖಣ ಅನ್ನುತ್ತದೆ. ಹೆಚ್ಚು ಕಾಯಿಸಿದರೆ ಚರ್ಮ ಬಿರಿಯುತ್ತದೆ. ಎಷ್ಟು ಕಾಯಿಸಬೇಕು ಅನ್ನುವುದು ಅನುಭವದಿಂದಲೇ ಬರಬೇಕು.

ನಡೆಯುತ್ತಾ ಬಾರಿಸುವುದು

ಕೂತು ಬಾರಿಸುವುದು ಬೇರೆ, ನಡೆಯುತ್ತಾ ಬಾರಿಸುವುದು ಬೇರೆ. ಮೆರವಣಿಗೆಯಲ್ಲಿ ಗಂಟೆಗಟ್ಟಲೆ ನಡೆಯಬೇಕು. ಕೈ ತಾಳ ಬಿಡಬಾರದು. ಕಾಲು ಹೆಜ್ಜೆ ತಪ್ಪಬಾರದು. ಕಿವಿ ಪಕ್ಕದವರ ಪೆಟ್ಟಿನ ಮೇಲಿರಬೇಕು. ತಂಡದಲ್ಲಿ ಒಬ್ಬರು ಮುಂದಾಳು. ಅವರು ಪೆಟ್ಟು ಬದಲಿಸಿದರೆ ಉಳಿದವರೂ ತಕ್ಷಣ ಬದಲಿಸಬೇಕು. ಬಾಗುವುದು, ತಿರುಗುವುದು, ಸಾಲಾಗುವುದು, ಸುತ್ತು ಕಟ್ಟುವುದು ಎಲ್ಲ ಒಟ್ಟಿಗೇ.

ಮದುವೆಗೆ ಒಂದು ಪೆಟ್ಟು, ದೇವರಿಗೆ ಒಂದು ಪೆಟ್ಟು, ಸಾವಿಗೆ ಒಂದು ಪೆಟ್ಟು. ಮೈಕು ಇಲ್ಲದ ಕಾಲದಲ್ಲಿ ಡಂಗುರ ಸಾರಿ ಊರಿಗೆ ಸುದ್ದಿ ಮುಟ್ಟಿಸಿದ್ದೂ ತಮಟೆಯೇ. ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಮಕ್ಕಳು ಅಪ್ಪನನ್ನು ನೋಡಿ, ಡಬ್ಬ ಬಡಿದು ಕಲಿತರು.

ವಿದ್ಯೆ ಇದ್ದರೂ ಅವಮಾನ

ಇಷ್ಟು ವಿದ್ಯೆ ಇದ್ದವರಿಗೆ ಊರು ಏನು ಕೊಟ್ಟಿತು? ತಮಟೆ ಬಾರಿಸಿದವರು ಹೆಚ್ಚಾಗಿ ದಲಿತರು. ಅವರ ತಮಟೆ ಇಲ್ಲದೆ ದೇವರ ಮೆರವಣಿಗೆ ಹೊರಡುತ್ತಿರಲಿಲ್ಲ. ಆದರೆ ಅವರಿಗೆ ಗುಡಿಯೊಳಗೆ ಪ್ರವೇಶ ಇರಲಿಲ್ಲ. ಎಷ್ಟೋ ಕಡೆ ಕೂಲಿ ಇಲ್ಲದೆ ಬಾರಿಸಬೇಕಿತ್ತು. ಒಲ್ಲೆ ಅಂದರೆ ಬಹಿಷ್ಕಾರದ ಭಯ. ಅದಕ್ಕೇ ಎಷ್ಟೋ ಜನ ತಮಟೆಯನ್ನು ಕೈಬಿಟ್ಟರು. ನಮ್ಮ ಮಕ್ಕಳು ಇದನ್ನು ಮುಟ್ಟುವುದು ಬೇಡ ಅಂದರು. ಅವರ ಸಿಟ್ಟು ನ್ಯಾಯವಾದದ್ದೇ.

1950ರಲ್ಲಿ ಜಾರಿಗೆ ಬಂದ ಸಂವಿಧಾನ ಇದನ್ನೆಲ್ಲ ತಪ್ಪು ಅಂತ ಹೇಳಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. ಯಾರನ್ನೂ ಬಲವಂತವಾಗಿ ಬಾರಿಸಲು ಕರೆಯುವಂತಿಲ್ಲ.

ತಮಟೆಯನ್ನು ಬಿಡದ ಮುನಿವೆಂಕಟಪ್ಪ

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಹುಡುಗರಾಗಿದ್ದಾಗಲೇ ತಮಟೆ ಹಿಡಿದರು. ಮುದುಕರಾದರೂ ಬಿಡಲಿಲ್ಲ. ಊರ ಬೀದಿಯ ತಮಟೆಯನ್ನು ವೇದಿಕೆ ಹತ್ತಿಸಿದರು. ತಾವು ಕಲಿತದ್ದನ್ನು ಕಿರಿಯರಿಗೂ ಕಲಿಸಿದರು.

2023ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಅದನ್ನು ಕೊಟ್ಟವರು ರಾಷ್ಟ್ರಪತಿ ದ್ರೌಪದಿ ಮುರ್ಮು. ಅವರು ಬುಡಕಟ್ಟು ಸಮುದಾಯದ ಹೆಣ್ಣುಮಗಳು. ಊರು ಯಾವ ವಾದ್ಯವನ್ನು ಹೊರಗೆ ನಿಲ್ಲಿಸಿತ್ತೋ ಅದಕ್ಕೆ ದೇಶ ಮರ್ಯಾದೆ ಕೊಟ್ಟಿತು.

ಈಗ ತಮಟೆ ಹಿಡಿದ ಹೆಣ್ಣುಮಕ್ಕಳ ತಂಡಗಳೂ ಇವೆ. ಹೆಣ್ಣಿನ ಕೈಗೆ ಇದು ಒಗ್ಗದು ಅನ್ನುವ ಮಾತು ಸುಳ್ಳಾಗಿದೆ. ರಾಗಿ ಬೀಸಿದ ಕೈ, ಕಳೆ ಕಿತ್ತ ಕೈ ತಾಳ ಹಿಡಿಯಲಾರದೇ?

ನಾವು ಏನು ಮಾಡಬಹುದು?

ಪ್ರಶಸ್ತಿ ಬಂದದ್ದು ಒಬ್ಬರಿಗೆ. ನಮ್ಮೂರಿನ ತಮಟೆಯವರಿಗೆ ಮರ್ಯಾದೆ ಕೊಡಬೇಕಾದವರು ನಾವು. ಹಬ್ಬಕ್ಕೆ ಕರೆಯುವಾಗ ಅವರ ಇಷ್ಟ ಕೇಳೋಣ. ಕೂಲಿ ಮೊದಲೇ ಮಾತಾಡಿ ಸರಿಯಾಗಿ ಕೊಡೋಣ. ಊಟಕ್ಕೆ ಎಲ್ಲರ ಸಾಲಿನಲ್ಲೇ ಎಲೆ ಹಾಕೋಣ. ಹೆಸರು ಹಿಡಿದು, ಅಣ್ಣಾ ಅಂತ ಕರೆಯೋಣ. ಇಷ್ಟು ಮಾಡಲು ಹಣ ಬೇಡ, ಮನಸ್ಸು ಸಾಕು.

ಓದಿ, ಮಾತಾಡಿ

1. ತಮಟೆಯನ್ನು ಬೆಂಕಿಗೆ ಯಾಕೆ ಹಿಡಿಯುತ್ತಾರೆ?
2. ಸಂವಿಧಾನದ 23ನೇ ವಿಧಿ ಏನು ಹೇಳುತ್ತದೆ?
3. ನಿಮ್ಮ ಊರಿನ ತಮಟೆ ಕಲಾವಿದರ ಹೆಸರು ಬರೆಯಿರಿ.