ಹಳೆಯ ಟ್ರಕ್ಕಿಗೊಂದು ನಿರ್ವಾತ ಮಾಪಕ

ಫೋರ್ಡ್ ಎಫ್-100, ಷೆವರ್ಲೆ ಸಿ-10 ಮೊದಲಾದ 1960-70ರ ದಶಕಗಳ ಅಮೆರಿಕನ್ ಪಿಕಪ್ ಟ್ರಕ್ಕುಗಳನ್ನು ಇಂದಿಗೂ ಓಡಿಸುವವರಿದ್ದಾರೆ. ದೋಷವನ್ನು ತಾನೇ ಹೇಳುವ ಕಂಪ್ಯೂಟರ್ ಅವುಗಳಲ್ಲಿಲ್ಲ. ಅಂತಹ ಎಂಜಿನ್ನಿನ ನಾಡಿ ನೋಡಲು ಕಡಿಮೆ ಬೆಲೆಯ ಸಾಧನವೊಂದಿದೆ. ಅದೇ ನಿರ್ವಾತ ಮಾಪಕ. ನಮ್ಮ ಹಳೆಯ ಪೆಟ್ರೋಲ್ ಜೀಪುಗಳಿಗೂ ಇದು ಸಲ್ಲುತ್ತದೆ. ಡೀಸೆಲ್ ಲಾರಿಗಳ ಮಾತು ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಗಾಳಿಯನ್ನು ತಡೆಯುವ ಥ್ರಾಟಲ್ ತಟ್ಟೆಯೇ ಇರುವುದಿಲ್ಲ.

ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರ್ಬ್ಯುರೇಟರಿನ ಥ್ರಾಟಲ್ ತಟ್ಟೆ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಆಗ ತಟ್ಟೆಯ ಕೆಳಗಿರುವ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕುಸಿಯುತ್ತದೆ. ವಾಯುಮಂಡಲದ ಒತ್ತಡ ಪಾದರಸದ ಸುಮಾರು 30 ಅಂಗುಲ. ಮಾಪಕ 18 ಎಂದು ತೋರಿಸಿದರೆ, ಒಳಗೆ ಉಳಿದಿರುವ ಒತ್ತಡ 12 ಅಂಗುಲ ಮಾತ್ರ ಎಂದರ್ಥ.

ಹಾಗಾದರೆ ಮಾಪಕದ ನಳಿಕೆಯನ್ನು ಎಲ್ಲಿ ಸಿಕ್ಕಿಸಬೇಕು? ಹೆಚ್ಚಿನವರು ಎಡವುವುದು ಇಲ್ಲೇ. ಕಾರ್ಬ್ಯುರೇಟರಿನಲ್ಲಿ ಒಂದಕ್ಕಿಂತ ಹೆಚ್ಚು ಮೂತಿಗಳಿರಬಹುದು. ಥ್ರಾಟಲ್ ತಟ್ಟೆಯ ಮೇಲ್ಭಾಗಕ್ಕೆ ತೆರೆದುಕೊಂಡ ಮೂತಿ ಡಿಸ್ಟ್ರಿಬ್ಯೂಟರಿಗಾಗಿ ಇರುವಂಥದು. ಎಂಜಿನ್ ನಿಧಾನವಾಗಿ ತಿರುಗುವಾಗ ಅಲ್ಲಿ ನಿರ್ವಾತವೇ ಇರುವುದಿಲ್ಲ. ನಮಗೆ ಬೇಕಾದದ್ದು ತಟ್ಟೆಯ ಕೆಳಗಿನ ಮೂತಿ, ಅಥವಾ ಮ್ಯಾನಿಫೋಲ್ಡಿಗೇ ನೇರವಾಗಿ ಜೋಡಿಸಿದ ಮೂತಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಮೂತಿಗೆ ಬೆರಳಿಟ್ಟು ನೋಡಿ. ಬೆರಳನ್ನು ಎಳೆದರೆ ಅದೇ ಸರಿಯಾದದ್ದು. ತಿರುಗುವ ಫ್ಯಾನಿನಿಂದ ಕೈ, ಅಂಗಿಯ ತೋಳು ದೂರವಿರಲಿ!

ಖಾಲಿ ಮೂತಿ ಸಿಗದಿದ್ದರೆ ಎಂಜಿನ್ ನಿಲ್ಲಿಸಿ, ಮ್ಯಾನಿಫೋಲ್ಡಿನಿಂದ ಬರುವ ಒಂದು ಸಣ್ಣ ನಳಿಕೆಯನ್ನು ಕತ್ತರಿಸಿ 'ಟೀ' ಜೋಡಣೆ ಸೇರಿಸಬಹುದು. ಆದರೆ ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ನಳಿಕೆಯನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಹಾಕಿದ 'ಟೀ' ಕಳಚಿಕೊಂಡರೆ ಬೂಸ್ಟರಿನ ನೆರವು ತಪ್ಪಿ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೊರೆ ಹೊತ್ತ ಟ್ರಕ್ ಇಳಿಜಾರಿನಲ್ಲಿರುವಾಗ ಹೀಗಾದರೆ ಏನಾಗಬಹುದೆಂದು ನೀವೇ ಊಹಿಸಿಕೊಳ್ಳಿ.

ನಳಿಕೆ ದಪ್ಪ ಗೋಡೆಯದಾಗಿರಬೇಕು. ತೆಳುವಾದದ್ದು ಬಿಸಿಗೆ ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಗಿಬಿಡುತ್ತದೆ. ಅದನ್ನು ಹೊಗೆ ಕೊಳವೆಯಿಂದ ದೂರದಲ್ಲಿ ಎಳೆಯಿರಿ. ಕ್ಯಾಬಿನ್ನಿನ ತಗಡಿನ ತೂತಿಗೆ ರಬ್ಬರ್ ಬಳೆ ತೊಡಿಸಿ. ಇಲ್ಲವಾದರೆ ತಗಡಿನ ಅಂಚು ದಿನಗಳೆದಂತೆ ನಳಿಕೆಯನ್ನು ಕೊಯ್ಯುತ್ತದೆ. ಸೀಳಿದ ನಳಿಕೆಯ ಮೂಲಕ ಹೆಚ್ಚುವರಿ ಗಾಳಿ ನುಗ್ಗಿದರೆ ಇಂಧನದ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ತಡವರಿಸುತ್ತದೆ. ರೋಗ ಪತ್ತೆ ಮಾಡಲು ಹಾಕಿದ ಸಾಧನವೇ ರೋಗ ತಂದಂತೆ!

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮುಳ್ಳನ್ನು ನೋಡಿ. ಸಮುದ್ರಮಟ್ಟದಲ್ಲಿ, ನಿಧಾನ ವೇಗದಲ್ಲಿ, ಆರೋಗ್ಯವಂತ ಎಂಜಿನ್ 17ರಿಂದ 22 ಅಂಗುಲದವರೆಗೆ ಸ್ಥಿರವಾಗಿ ತೋರಿಸುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಳೆಯಬೇಕು. 1600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ಐದು ಅಂಗುಲ, ಸುಮಾರು 900 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ ಮೂರು ಅಂಗುಲ ಕಡಿಮೆ ಬರುವುದು ಸಹಜ. ಇದನ್ನರಿಯದೆ ಒಳ್ಳೆಯ ಎಂಜಿನ್ನನ್ನು ಬಿಚ್ಚಿ ಹಾಕಬಾರದು.

ಮುಳ್ಳು ಸ್ಥಿರವಾಗಿದ್ದೂ ಕೆಳಗಿದ್ದರೆ ಕಿಡಿ ತಡವಾಗಿ ಹಾರುತ್ತಿರಬಹುದು. ತೀರಾ ಕೆಳಗಿದ್ದರೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಸೋರಿಕೆಯಿದೆಯೇ ನೋಡಿ. ತಾಳಬದ್ಧವಾಗಿ ಮತ್ತೆ ಮತ್ತೆ ಕೆಳಗೆ ಕುಕ್ಕುತ್ತಿದ್ದರೆ ಒಂದು ಕವಾಟ ಸುಟ್ಟಿರುವ ಸಂಶಯ ಬಲವಾಗುತ್ತದೆ. ವೇಗ ಹೆಚ್ಚಿಸಿ ಹಾಗೆಯೇ ಹಿಡಿದಾಗ ಮುಳ್ಳು ಮೆಲ್ಲಮೆಲ್ಲನೆ ಇಳಿಯುತ್ತಾ ಹೋದರೆ, ಹೊಗೆ ಕೊಳವೆ ಕಟ್ಟಿಕೊಂಡಿರಬಹುದು. ಥ್ರಾಟಲನ್ನು ಥಟ್ಟನೆ ತೆರೆದು ಬಿಟ್ಟರೆ ಮುಳ್ಳು ಸೊನ್ನೆಯ ಬಳಿಗೆ ಬಿದ್ದು, 24-25ರವರೆಗೆ ಜಿಗಿದು, ಮೊದಲಿನ ಜಾಗಕ್ಕೆ ಮರಳಬೇಕು. ಜಿಗಿತ ಮಂಕಾಗಿದ್ದರೆ ಪಿಸ್ಟನ್ ಉಂಗುರಗಳು ಸವೆದಿವೆಯೇ ಎಂದು ಪರೀಕ್ಷಿಸಿ.

ಇನ್ನೊಂದು ಮಾತು. ಮುಳ್ಳು ಅತಿ ಮೇಲಕ್ಕೆ ಬರುವವರೆಗೆ ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತಾ ಹೋಗುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಿದರೆ ಕಿಡಿ ಅತಿ ಮುಂಚೆ ಹಾರಿ, ಏರಿನಲ್ಲಿ ಎಂಜಿನ್ ಕುಟ್ಟತೊಡಗುತ್ತದೆ. ಕಿಡಿಯ ಹೊತ್ತನ್ನು ಟೈಮಿಂಗ್ ದೀಪ ಹಿಡಿದು, ತಯಾರಕರು ಕೊಟ್ಟ ಗುರುತಿಗೇ ಹೊಂದಿಸಿ.