ಕುದುರೆಮುಖದ ರಸ್ತೆ: ಅಮ್ಮಸಂದ್ರದಿಂದ ಕಾರಿನಲ್ಲಿ ಹೋಗುವವರಿಗೆ

ಅಮ್ಮಸಂದ್ರದಿಂದ ಕುದುರೆಮುಖಕ್ಕೆ ದಾರಿ ತಪ್ಪುವ ಭಯವಿಲ್ಲ. ಕೆ.ಬಿ. ಕ್ರಾಸ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 73 ಹಿಡಿದರೆ ತಿಪಟೂರು, ಅರಸೀಕೆರೆ, ಬಾಣಾವರ, ಹಳೇಬೀಡು, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದವರೆಗೂ ಅದೇ ರಸ್ತೆ. ಬಾಣಾವರದ ತನಕ ಎರಡೂ ಬದಿ ನಮ್ಮದೇ ತೆಂಗು. ಬೇಲೂರು ಕಳೆದ ಮೇಲೆ ಕಾಫಿ ತೋಟ. ಹೋಗುವ ದಾರಿಯೇ ಇನ್ನೂರು ಕಿಲೋಮೀಟರಿಗೆ ಮಿಗಿಲಾದ್ದರಿಂದ ಕೋಳಿ ಕೂಗುವ ಮೊದಲೇ ಹೊರಡಬೇಕು. ಹಳೇಬೀಡು, ಬೇಲೂರಿನ ದೇವಸ್ಥಾನಗಳನ್ನು ಇದೇ ಪ್ರಯಾಣಕ್ಕೆ ಸೇರಿಸಿಕೊಂಡರೆ ಕಾಡು ಕೈಬಿಟ್ಟಿತೆಂದೇ ಲೆಕ್ಕ.

ಕೊಟ್ಟಿಗೆಹಾರದಲ್ಲಿ ಹೆದ್ದಾರಿ ಚಾರ್ಮಾಡಿ ಘಾಟಿಗೆ ಇಳಿಯುತ್ತದೆ. ನೀವು ಅದನ್ನು ಬಿಟ್ಟು ಕಳಸದ ಕಡೆಗೆ ತಿರುಗಿ. ಆ ರಸ್ತೆಯಲ್ಲಿ ಸಿಗುವ ಜಾವಳಿಯಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಲೇಬೇಕು. ಹೇಮಾವತಿ ಹುಟ್ಟುವುದು ಅಲ್ಲಿ. ಗೊರೂರು ಅಣೆಕಟ್ಟಿನಿಂದ ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ತುರುವೇಕೆರೆ, ತಿಪಟೂರಿನವರು ಎದುರು ನೋಡುತ್ತೇವಲ್ಲ, ಆ ನೀರಿನ ತಲೆ ಇದೇ ಊರು. ನಮ್ಮ ಕಡೆಯಿಂದ ಹೋಗುವ ಎಷ್ಟೋ ಕಾರುಗಳು ಅದನ್ನು ಗಮನಿಸದೆ ಹೊರನಾಡಿಗೆ ಓಡುತ್ತವೆ.

ಮುಂದೆ ಸಂಸೆ. ಅದು ಕಳೆದ ಮೇಲೆ ಬಸರಿಕಲ್ಲು ಚೆಕ್‌ಪೋಸ್ಟ್. ಇಲ್ಲಿಂದ ನಿಯಮ ಬೇರೆ. ಗಾಡಿ ನಂಬರು, ಒಳಹೊಕ್ಕ ಸಮಯ ಬರೆದ ಚೀಟಿ ಕೊಡುತ್ತಾರೆ. ಅದನ್ನು ಆಚೆ ತುದಿಯ ಗೇಟಿನಲ್ಲಿ ತೋರಿಸಬೇಕು. ಗೊತ್ತುಪಡಿಸಿದ ಸಮಯ ಮೀರಿದರೆ ದಂಡ. ಕಾಡಿನ ನಡುವೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುವುದು, ಒಲೆ ಹೂಡುವುದು, ಕೋತಿಗೆ ತಿಂಡಿ ಎಸೆಯುವುದು ನಿಲ್ಲಲೆಂದೇ ಈ ಏರ್ಪಾಡು. ಅನ್ನದ ರುಚಿ ಹತ್ತಿದ ಪ್ರಾಣಿ ರಸ್ತೆಗೇ ಬಂದು ಕೂರುತ್ತದೆ, ಚಕ್ರಕ್ಕೆ ಸಿಗುತ್ತದೆ. ಹನುಮನಗುಂಡಿ ಜಲಪಾತ ನೋಡುವುದಿದ್ದರೆ ಗೇಟಿನಲ್ಲೇ ತಿಳಿಸಿ. ಅಲ್ಲಿ ಟಿಕೆಟ್ ಕೊಂಡು ಮೆಟ್ಟಿಲಿಳಿದು ಹೋಗಬೇಕು. ಮಂಡಿ ನೋವಿನವರು ಕಾರಿನಲ್ಲೇ ಕೂರುವುದು ವಾಸಿ. ಕುದುರೆಮುಖ ಶಿಖರ ಹತ್ತುವುದು ಬೇರೆಯೇ ಮಾತು, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು.

ಗಾಜಿನಾಚೆ ಕಾಣುವುದನ್ನು ತಿಳಿದು ನೋಡಿದರೆ ಸೊಗಸು. ಬೆಟ್ಟದ ನೆತ್ತಿಯಲ್ಲಿ ಬರೀ ಹುಲ್ಲು, ಮಡಿಕೆಗಳಲ್ಲಿ ಮಾತ್ರ ದಟ್ಟ ಮರ. ಯಾರೋ ಮೇಲಿನ ಮರ ಕಡಿದಿದ್ದಾರೆ ಎಂದುಕೊಳ್ಳಬೇಡಿ. ಗಾಳಿ, ತೆಳು ಮಣ್ಣಿನಿಂದಾಗಿ ಮೇಲೆ ಹುಲ್ಲೇ ನಿಲ್ಲುವುದು. ಮಣ್ಣು, ತೇವ ಕೂಡಿಕೊಳ್ಳುವ ಕಣಿವೆಯಲ್ಲಿ ಮರ ಬೆಳೆಯುತ್ತದೆ. ಆ ಮರಗಳ ಗುಂಪನ್ನೇ ಶೋಲಾ ಕಾಡು ಎನ್ನುತ್ತಾರೆ. ಇಲ್ಲಿ ವರ್ಷಕ್ಕೆ 7,000 ಮಿ.ಮೀ. ಹತ್ತಿರ ಮಳೆ, ನಮ್ಮ ಸೀಮೆಯಲ್ಲಿ ಅದರ ಹತ್ತನೇ ಒಂದು ಪಾಲು ಬಿದ್ದರೆ ಹಬ್ಬ. ಅಷ್ಟು ಮಳೆಯ ಹೊಡೆತವನ್ನು ಹುಲ್ಲು ತಡೆಯುತ್ತದೆ, ಕೆಳಗಿನ ಮಣ್ಣು ಹೀರಿಕೊಳ್ಳುತ್ತದೆ. ತೆಂಗಿನ ಪಾತಿಯಲ್ಲಿ ಹೂತ ಮಟ್ಟೆ ಬೇಸಿಗೆಯಲ್ಲಿ ಬೇರಿಗೆ ತೇವ ಕೊಡುವಂತೆ, ಈ ಬೆಟ್ಟಗಳು ಮಳೆ ನಿಂತ ಮೇಲೂ ತೊರೆಗಳಿಗೆ ನೀರು ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಕಾಡಿನೊಳಗೇ ಇದೆ.

ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡಿನ ನಡುವೆ ಕುದುರೆಮುಖ ಟೌನ್‌ಶಿಪ್ ಸಿಗುತ್ತದೆ. ಇಂಥ ಕಡೆ ಒಂದು ಟೌನ್‌ಶಿಪ್ ಏಕೆ ಎಂದು ಮಕ್ಕಳು ಕೇಳುತ್ತಾರೆ. ಕಬ್ಬಿಣದ ಅದಿರಿಗಾಗಿ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಆರಂಭವಾಯಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸುತ್ತಿದ್ದರು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಯಿತು. ಗಣಿಯ ಹೂಳು ಭದ್ರೆಗೆ ಸೇರುತ್ತಿದೆ ಎಂಬ ಹೋರಾಟ ಸುಪ್ರೀಂ ಕೋರ್ಟು ಮುಟ್ಟಿತು. ಹಿಂದೆ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಪ್ರಕರಣದಲ್ಲಿ 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತಿತು. ಗಣಿಯ ಕೆಸರನ್ನು ತಡೆದಿಟ್ಟ ಲಕ್ಯಾ ಅಣೆಕಟ್ಟು ಇನ್ನೂ ಅಲ್ಲೇ ಇದೆ. ಸಿಮೆಂಟ್ ಕಾರ್ಖಾನೆಯ ಪಕ್ಕದಲ್ಲಿ ಬಾಳಿದ ಅಮ್ಮಸಂದ್ರದವರಿಗೆ ಕಾರ್ಖಾನೆ ಕೊಡುವ ಅನ್ನ, ಗಣಿ ತೆಗೆದುಕೊಳ್ಳುವ ನೆಲ ಎರಡರ ಲೆಕ್ಕವೂ ಗೊತ್ತು. ಆದರೂ ಈ ಗಣಿ ನಿಂತದ್ದೇ ಸರಿ ಎನ್ನುತ್ತೇನೆ.

ಟೌನ್‌ಶಿಪ್ ದಾಟಿ ಮುಂದೆ ಸಿಗುವ ಎಸ್.ಕೆ. ಬಾರ್ಡರ್‌ನಲ್ಲಿ ಒಂದು ರಸ್ತೆ ಶೃಂಗೇರಿಗೆ, ಇನ್ನೊಂದು ಮಾಳದ ಮೇಲೆ ಕಾರ್ಕಳಕ್ಕೆ. ಮಾಳದ ಕಡೆಗೆ ಇಳಿಯುವಾಗ ಬ್ರೇಕನ್ನು ಒತ್ತಿಕೊಂಡೇ ಹೋಗಬೇಡಿ. ಬ್ರೇಕು ಕಾದರೆ ಹಿಡಿತ ತಪ್ಪುತ್ತದೆ. ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ವೇಗ ಕಟ್ಟಿಹಾಕುತ್ತದೆ. ಏರುವ ಗಾಡಿಗೆ ದಾರಿ ಬಿಡಿ. ಪೆಟ್ರೋಲು ಮೂಡಿಗೆರೆಯಲ್ಲೇ ತುಂಬಿಸಿಕೊಳ್ಳಿ; ಕಾಡಿನಲ್ಲಿ ಮೊಬೈಲು ಸಿಗ್ನಲ್ ನಂಬುವ ಹಾಗಿಲ್ಲ.

ಬಜಗೋಳಿ ತಲುಪಿದರೆ ನಾರಾವಿ, ಗುರುವಾಯನಕೆರೆ, ಉಜಿರೆ ಮೇಲೆ ಚಾರ್ಮಾಡಿ ಏರಿ ಮತ್ತೆ ಕೊಟ್ಟಿಗೆಹಾರ ಸೇರಬಹುದು. ಈ ಸುತ್ತು ಬಲು ಚೆಂದ, ಆದರೆ ಒಬ್ಬನೇ ಡ್ರೈವರು ಒಂದೇ ದಿನದಲ್ಲಿ ಮಾಡುವಂಥದ್ದಲ್ಲ. ಇಬ್ಬರು ಓಡಿಸುವವರಿರಲಿ, ಇಲ್ಲವೇ ಕಳಸದಲ್ಲಿ ಹಿಂದಿನ ರಾತ್ರಿ ಉಳಿಯಿರಿ. ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಆಷಾಢ, ಶ್ರಾವಣದ ಮಳೆಯಲ್ಲಿ ಮಂಜು ಕವಿದರೆ ಬಾನೆಟ್ಟಿನ ಮುಂದೆ ಏನೂ ಕಾಣದು. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ಬೆಳಿಗ್ಗೆ ಹೋಗುವಾಗಲೇ ಕೊಟ್ಟಿಗೆಹಾರದಲ್ಲಿ ವಿಚಾರಿಸಿಕೊಳ್ಳಿ.